ಹೊಲದ ಕಾಗದ, ರಕ್ತದ ಪರೀಕ್ಷೆ: ಹಂಟಿಂಗ್ಟನ್ ಕಾಯಿಲೆಯೊಂದಿಗೆ ಬಾಳುತ್ತಿರುವ ಒಂದು ಕೃಷಿ ಕುಟುಂಬದ ಪ್ರಕರಣ

28 ವರ್ಷದ ಯುವಕನೊಬ್ಬ ನಮ್ಮ ಆನುವಂಶಿಕ ಸಮಾಲೋಚನಾ ವಿಭಾಗಕ್ಕೆ ಬಂದು ಮುಂದಿಟ್ಟ ಕೋರಿಕೆ ಚಿಕ್ಕದಾಗಿತ್ತು: ತನ್ನ ರಕ್ತವನ್ನು ಪರೀಕ್ಷಿಸಿ ಹದಿನೈದು ದಿನಗಳೊಳಗೆ ಫಲಿತಾಂಶ ಕೊಡಬೇಕು. ಅವನ ತಂದೆಗೆ, ವಂಶದಲ್ಲಿ ಹರಿದುಬರುವ ನರರೋಗವಾದ ಹಂಟಿಂಗ್ಟನ್ ಕಾಯಿಲೆ ಇರುವುದು ಎಂಟು ತಿಂಗಳ ಹಿಂದೆ ಖಚಿತವಾಗಿತ್ತು. ಇಷ್ಟು ಅವಸರ ಏಕೆ ಎಂದು ಕೇಳಿದಾಗ ಬಂದ ಉತ್ತರವನ್ನು ನಾನು ಅಂದೇ ಕಡತದಲ್ಲಿ ಇದ್ದಂತೆಯೇ ಬರೆದಿಟ್ಟುಕೊಂಡೆ: "ಜಮೀನು ಯಾರ ಹೆಸರಿಗೆ ಹೋಗಬೇಕು ಅಂತ ಚಿಕ್ಕಪ್ಪ ಕೇಳ್ತಿದ್ದಾರೆ. ಕಾಗದ ಆಗೋದಕ್ಕೆ ಮೊದಲು ನನಗೆ ಇದೆಯೋ ಇಲ್ಲವೋ ಗೊತ್ತಾಗಬೇಕಂತೆ."

ಗೊತ್ತಾಗಬೇಕು ಎಂದು ಅವನು ಹೇಳಲಿಲ್ಲ, ಗೊತ್ತಾಗಬೇಕಂತೆ ಎಂದ. ಆ ಒಂದು 'ಅಂತೆ' ಈ ಪ್ರಕರಣದ ಕೀಲಿಯಾಗಿತ್ತು. ಆದರೆ ಅದು ನನಗೆ ಅರ್ಥವಾಗಲು ಮೂರು ಭೇಟಿಗಳು ಬೇಕಾದವು, ಮತ್ತು ಆ ವಿಳಂಬವನ್ನೂ ಇಲ್ಲಿ ದಾಖಲಿಸುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ. ಕುಟುಂಬದ ಒಪ್ಪಿಗೆಯೊಂದಿಗೆ ಬರೆಯುತ್ತಿರುವ ಈ ವಿವರಣೆಯಲ್ಲಿ ಯಾರ ಹೆಸರೂ ಇಲ್ಲ, ಗುರುತು ಸಿಗಬಹುದಾದ ಸಂಗತಿಗಳನ್ನು ಕೈಬಿಟ್ಟಿದ್ದೇನೆ.

ಮನೆತನ

ಅಣ್ಣತಮ್ಮಂದಿರಿಬ್ಬರು ಒಟ್ಟಾಗಿ ಉಳುಮೆ ಮಾಡುತ್ತಿದ್ದ ಮನೆ ಅದು. ಅಣ್ಣನಿಗೆ ಆಗ 56 ವರ್ಷ, ತಮ್ಮನಿಗೆ 50. ಅಣ್ಣನಿಗೆ ಮೂವರು ಮಕ್ಕಳು: ಮದುವೆಯಾಗಿ ನಾಲ್ಕು ವರ್ಷದ ಮಗುವಿರುವ 31ರ ಹಿರಿಯ ಮಗಳು, ಬೇಸಾಯವನ್ನೇ ಆರಿಸಿಕೊಂಡ ಮಗ, ಇನ್ನೂ ಓದುತ್ತಿದ್ದ 16ರ ಕಿರಿಯ ಮಗಳು. ತಮ್ಮನಿಗೆ ಇಬ್ಬರು ಗಂಡುಮಕ್ಕಳು. ಜಮೀನು, ಜಾನುವಾರು, ಟ್ರ್ಯಾಕ್ಟರ್, ಸಾಲ, ಇವೆಲ್ಲವೂ ಜಂಟಿಯಾಗಿದ್ದವು.

ಅಣ್ಣತಮ್ಮಂದಿರ ತಂದೆ, ಅಂದರೆ ಆ ಯುವಕನ ಅಜ್ಜ, ತೀರಿಹೋಗಿ ಬಹಳ ವರ್ಷಗಳಾಗಿದ್ದವು. ವಂಶವೃಕ್ಷ ಬರೆಯುವಾಗ ಅವರ ಬಗ್ಗೆ ಕೇಳಿದೆ. "ಕುಡಿತದಿಂದ ಹಾಳಾದರು" ಎಂದು ಮಗ ಹೇಳಿದ. ಪಕ್ಕದಲ್ಲಿದ್ದ ತಾಯಿ ಬಹಳ ಹೊತ್ತು ಸುಮ್ಮನಿದ್ದು, ಕೊನೆಗೆ, ಮಾವ ಒಂದು ದಿನವೂ ಕುಡಿದದ್ದನ್ನು ತಾನು ನೋಡಿಲ್ಲ ಎಂದರು. ನಡೆಯುವಾಗ ವಾಲುತ್ತಿದ್ದರು, ಮಾತು ತೊದಲುತ್ತಿತ್ತು, ಕೈಯಲ್ಲಿದ್ದದ್ದು ಜಾರಿ ಬೀಳುತ್ತಿತ್ತು, ಕಾರಣವಿಲ್ಲದೆ ಸಿಡುಕುತ್ತಿದ್ದರು. ನೋಡಿದವರು ತಮಗೆ ತಿಳಿದ ಒಂದೇ ಹೆಸರನ್ನು ಅದಕ್ಕೆ ಕೊಟ್ಟರು. ಕುಡಿಯದ ಮನುಷ್ಯ ಕುಡುಕನೆಂಬ ಹೆಸರು ಹೊತ್ತು ಸತ್ತ ಸಂಗತಿ ಆ ಮನೆಯಲ್ಲಿ ಮೊದಲ ಬಾರಿಗೆ ಬಾಯಿಬಿಟ್ಟು ಹೇಳಲ್ಪಟ್ಟದ್ದು ನಮ್ಮ ಕೊಠಡಿಯಲ್ಲಿ. ಈ ಕಾಯಿಲೆಯಿರುವ ಎಷ್ಟೋ ಕುಟುಂಬಗಳ ವಂಶವೃಕ್ಷದಲ್ಲಿ ಇಂತಹ ಒಬ್ಬ ಅಜ್ಜನೋ ಅಜ್ಜಿಯೋ ಇರುತ್ತಾರೆ. ಕುಡಿತ, ಹುಚ್ಚು, ಕೆಟ್ಟ ಸ್ವಭಾವ ಎಂಬ ಪದಗಳ ಹಿಂದೆ ಒಂದು ನರರೋಗ ಅಡಗಿರುತ್ತದೆ.

ಕಾಯಿಲೆ

ಮುಂದಿನ ಸಂಗತಿಗಳನ್ನು ಅರಿಯಲು ಕಾಯಿಲೆಯ ಸ್ವರೂಪವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಾಲ್ಕನೆಯ ವರ್ಣತಂತುವಿನ ಚಿಕ್ಕ ತೋಳಿನಲ್ಲಿರುವ ಒಂದು ಜೀನ್ ಹಂಟಿಂಗ್ಟಿನ್ ಎಂಬ ಪ್ರೋಟೀನನ್ನು ತಯಾರಿಸುವ ಸೂಚನೆಯನ್ನು ಹೊತ್ತಿರುತ್ತದೆ. ಆ ಜೀನಿನ ಆರಂಭದಲ್ಲಿ ಸಿ-ಎ-ಜಿ ಎಂಬ ಮೂರು ರಾಸಾಯನಿಕ ಅಕ್ಷರಗಳು ಮತ್ತೆ ಮತ್ತೆ ಬರುತ್ತವೆ. ಈ ಪುನರಾವರ್ತನೆ 26ರವರೆಗೆ ಇದ್ದರೆ ಅದು ಸಾಮಾನ್ಯ. 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಸಾಮಾನ್ಯ ಆಯುಷ್ಯ ಬದುಕುವ ವ್ಯಕ್ತಿಗೆ ಕಾಯಿಲೆ ಬಂದೇ ಬರುತ್ತದೆ. 36ರಿಂದ 39ರ ನಡುವೆ ಬರಬಹುದು, ಬಾರದೆಯೂ ಇರಬಹುದು. 27ರಿಂದ 35ರವರೆಗಿನ ಎಣಿಕೆಯುಳ್ಳವರಿಗೆ ಸಾಮಾನ್ಯವಾಗಿ ಕಾಯಿಲೆ ಬರುವುದಿಲ್ಲವಾದರೂ, ಮುಂದಿನ ಪೀಳಿಗೆಗೆ ದಾಟುವಾಗ, ಅದರಲ್ಲೂ ತಂದೆಯ ಮೂಲಕ ದಾಟುವಾಗ, ಎಣಿಕೆ ಹಿಗ್ಗುವ ಸಾಧ್ಯತೆ ಇರುತ್ತದೆ. ಎಣಿಕೆ ಹೆಚ್ಚಿದಷ್ಟೂ ಕಾಯಿಲೆ ಬೇಗ ಆರಂಭವಾಗುತ್ತದೆ ಎಂಬುದು ಒಟ್ಟಾರೆ ಸತ್ಯವೇ ಹೊರತು, ಒಬ್ಬ ವ್ಯಕ್ತಿಗೆ ಇಂತಹ ವರ್ಷವೇ ಎಂದು ಹೇಳುವಷ್ಟು ನಿಖರತೆ ಆ ಸಂಖ್ಯೆಗಿಲ್ಲ.

ತಂದೆ ಅಥವಾ ತಾಯಿಯಲ್ಲಿ ಆ ಜೀನಿನ ಎರಡು ಪ್ರತಿಗಳ ಪೈಕಿ ಒಂದರಲ್ಲಿ ದೋಷವಿದ್ದರೆ ಸಾಕು, ಪ್ರತಿಯೊಂದು ಮಗುವಿಗೂ ಅದು ದಾಟುವ ಸಂಭವ ಅರ್ಧದಷ್ಟು. ಹೆಣ್ಣು ಗಂಡೆಂಬ ಭೇದವಿಲ್ಲ. ಅಮೆರಿಕದ ಲಾಂಗ್ ಐಲ್ಯಾಂಡಿನಲ್ಲಿ ವೈದ್ಯರಾಗಿದ್ದ ತಂದೆ ಮತ್ತು ಅಜ್ಜನ ಅನುಭವವನ್ನೂ ಸೇರಿಸಿ ಜಾರ್ಜ್ ಹಂಟಿಂಗ್ಟನ್ 1872ರಲ್ಲಿ ಈ ಕಾಯಿಲೆಯನ್ನು ವಿವರಿಸಿದಾಗ ಅವರಿಗೆ ಇನ್ನೂ 22 ವರ್ಷ. ಒಂದೇ ಊರಿನ ಕುಟುಂಬಗಳನ್ನು ಮೂರು ತಲೆಮಾರಿನ ವೈದ್ಯರು ನೋಡಿದ್ದರಿಂದಲೇ ಅವರಿಗೆ ಒಂದು ಮುಖ್ಯ ಸಂಗತಿ ಕಂಡಿತು: ಕಾಯಿಲೆ ಒಂದು ತಲೆಮಾರನ್ನು ಬಿಟ್ಟು ಮುಂದಿನದಕ್ಕೆ ಹಾರುವುದಿಲ್ಲ, ಎಳೆ ಒಮ್ಮೆ ಕಡಿದರೆ ಕಡಿದಂತೆಯೇ. ಆ ಜೀನ್ ಇರುವ ಜಾಗದ ಸುಳಿವು ಸಿಕ್ಕಿದ್ದು 1983ರಲ್ಲಿ, ಜೀನ್ ಕೈಗೆ ಸಿಕ್ಕಿದ್ದು 1993ರಲ್ಲಿ. ವೆನೆಜುವೆಲಾದ ಮರಕೈಬೊ ಸರೋವರದ ದಡದ ದೊಡ್ಡ ಕುಟುಂಬಗಳ ರಕ್ತದ ಮಾದರಿಗಳು ಆ ಶೋಧಕ್ಕೆ ಆಧಾರವಾದವು, ಮತ್ತು ಅದನ್ನು ಮುನ್ನಡೆಸಿದ ನ್ಯಾನ್ಸಿ ವೆಕ್ಸ್ಲರ್ ಅವರು ಸ್ವತಃ ಇದೇ ಕಾಯಿಲೆಯಿದ್ದ ತಾಯಿಯ ಮಗಳು. ಈ ಕಾಯಿಲೆಯ ಕುರಿತ ಜ್ಞಾನದ ಬಹುಭಾಗವನ್ನು ನಮಗೆ ಕೊಟ್ಟಿರುವುದು ಅದನ್ನು ಹೊತ್ತ ಕುಟುಂಬಗಳೇ ಎಂಬುದನ್ನು ನಾನು ಪ್ರತಿ ಹೊಸ ಕುಟುಂಬಕ್ಕೂ ಹೇಳುತ್ತೇನೆ.

ಸಾಮಾನ್ಯವಾಗಿ 30ರಿಂದ 50ರ ವಯಸ್ಸಿನ ನಡುವೆ ಲಕ್ಷಣಗಳು ತಲೆದೋರುತ್ತವೆ. ಅಷ್ಟರಲ್ಲಿ ಮದುವೆ, ಮಕ್ಕಳು, ಸಾಲ, ಜವಾಬ್ದಾರಿ ಎಲ್ಲವೂ ಹೆಗಲೇರಿರುತ್ತವೆ. ಕೊರಿಯಾ ಎಂದು ಕರೆಯುವ, ಕುಣಿತದಂತೆ ಕಾಣುವ ಅನೈಚ್ಛಿಕ ಚಲನೆಗಳು ಹೊರಗಿನವರ ಕಣ್ಣಿಗೆ ಬೀಳುತ್ತವೆ. ಮನೆಯವರನ್ನು ಹೆಚ್ಚು ದಣಿಸುವುದು ಅವಲ್ಲ. ಯೋಜನೆ ಮಾಡುವ ಶಕ್ತಿ ಕುಗ್ಗುವುದು, ಎರಡು ಕೆಲಸಗಳನ್ನು ಒಟ್ಟಿಗೆ ನಿಭಾಯಿಸಲಾಗದಿರುವುದು, ಸಿಟ್ಟು, ಖಿನ್ನತೆ, ಯಾವುದರಲ್ಲೂ ಉತ್ಸಾಹವಿಲ್ಲದಿರುವುದು, ಇವು ಅವರನ್ನು ಹೆಚ್ಚು ಬಳಲಿಸುತ್ತವೆ. ಇದರ ಜೊತೆಗೆ, ತನ್ನಲ್ಲಿ ಆಗುತ್ತಿರುವ ಬದಲಾವಣೆ ರೋಗಿಗೇ ಗೋಚರಿಸದಿರುವುದು ಈ ಕಾಯಿಲೆಯ ಒಂದು ಲಕ್ಷಣ. ಅದನ್ನು ಹಠವೆಂದೋ ಸುಳ್ಳೆಂದೋ ತಿಳಿದು ಮನೆಗಳಲ್ಲಿ ಎಷ್ಟು ಜಗಳಗಳಾಗಿವೆಯೋ ಲೆಕ್ಕವಿಲ್ಲ.

ಹೊಲದಲ್ಲಿ ಕಂಡದ್ದು

ಈ ಮನೆಯಲ್ಲಿ ಕಾಯಿಲೆ ಮೊದಲು ಕಾಣಿಸಿಕೊಂಡದ್ದು ಲೆಕ್ಕದ ಪುಸ್ತಕದಲ್ಲಿ. ಮೂವತ್ತು ವರ್ಷ ಪ್ರತಿ ಸಂಜೆ ಖರ್ಚುವೆಚ್ಚ ಬರೆಯುತ್ತಿದ್ದ ಮನುಷ್ಯ ವಾರಗಟ್ಟಲೆ ಬರೆಯದೆ ಬಿಟ್ಟು, ಬರೆದ ದಿನ ಒಂದೇ ಖರ್ಚನ್ನು ಎರಡು ಸಲ ಬರೆದಿದ್ದರು. ಆಮೇಲೆ ಒಂದೊಂದಾಗಿ ಬಂದವು: ಒಂದೇ ಪಾತಿಗೆ ಎರಡು ಸಲ ಔಷಧ ಸಿಂಪಡಿಸಿದ್ದು, ನೀರು ಬಿಟ್ಟವರು ತಿರುಗಿಸಲು ಮರೆತು ಬದು ಕೊಚ್ಚಿಹೋದದ್ದು, ಯಾರನ್ನೂ ಕೇಳದೆ ಹಾಲು ಕೊಡುತ್ತಿದ್ದ ಹಸುವನ್ನು ಮಾರಿದ್ದು, ವರ್ಷಗಳಿಂದ ಜೊತೆಗಿದ್ದ ಆಳಿನ ಮೇಲೆ ಕೈಯೆತ್ತಿದ್ದು. ನೇಗಿಲ ಸಾಲು ಅಂಕುಡೊಂಕಾದದ್ದನ್ನು ಕಂಡು ಪಕ್ಕದ ಹೊಲದವರು ಆಡಿಕೊಂಡರು. ಹೆಂಡತಿ ಕೊಟ್ಟಿಗೆಯಲ್ಲಿ ಗಮನಿಸಿದ ಸಂಗತಿ ಇನ್ನೂ ಸೂಕ್ಷ್ಮವಾಗಿತ್ತು. ಬೇರೆ ಯಾರು ಹಾಲು ಕರೆದರೂ ಸುಮ್ಮನಿರುತ್ತಿದ್ದ ಹಸುಗಳು ಇವರು ಕೆಚ್ಚಲಿಗೆ ಕೈಹಾಕಿದರೆ ಕಾಲು ಜಾಡಿಸುತ್ತಿದ್ದವು, ಏಕೆಂದರೆ ಹಿಡಿತ ಒಂದು ಕ್ಷಣ ಬಿಗಿಯಾಗಿ ಮರುಕ್ಷಣ ಸಡಿಲವಾಗುತ್ತಿತ್ತು.

ನರರೋಗ ತಜ್ಞರು ಪರೀಕ್ಷಿಸುವಾಗ ತಮ್ಮ ಎರಡು ಬೆರಳುಗಳನ್ನು ಬಿಗಿಯಾಗಿ ಹಿಡಿದುಕೊಳ್ಳಲು ಹೇಳುತ್ತಾರೆ. ಈ ಕಾಯಿಲೆಯಿರುವವರ ಹಿಡಿತ ಒಂದೇ ಸಮನೆ ನಿಲ್ಲದೆ ಹಿಂಡಿ ಬಿಡುವಂತೆ ಏರಿಳಿಯುತ್ತದೆ. ವೈದ್ಯಕೀಯದಲ್ಲಿ ಈ ಚಿಹ್ನೆಗೆ ಹಾಲು ಕರೆಯುವವರ ಹಿಡಿತ ಎಂಬ ಹೆಸರೇ ಇದೆ. ತಜ್ಞರು ಅದನ್ನು ಕಡತದಲ್ಲಿ ಬರೆದರು, ಆ ತಾಯಿ ಅದನ್ನು ಎರಡು ವರ್ಷ ಮೊದಲೇ ಹಸುವಿನ ಕಾಲಿನಲ್ಲಿ ಓದಿದ್ದರು. ಅವರನ್ನು ಅಷ್ಟು ಕಾಲ ಯಾರೂ ಕೇಳಿರಲಿಲ್ಲ.

ರಕ್ತ ಪರೀಕ್ಷೆಯಲ್ಲಿ ತಂದೆಯ ಪುನರಾವರ್ತನೆಯ ಎಣಿಕೆ 42 ಎಂದು ಬಂತು. ಆ ಪರೀಕ್ಷೆ ನಡೆದದ್ದು ಬೇರೊಂದು ಆಸ್ಪತ್ರೆಯಲ್ಲಿ, ಯಾವ ಸಮಾಲೋಚನೆಯೂ ಇಲ್ಲದೆ. ಫಲಿತಾಂಶವನ್ನು ಮೊಗಸಾಲೆಯಲ್ಲಿ ನಿಂತಿದ್ದ ಮಗನ ಕೈಗೆ ಕೊಟ್ಟು, "ಇದು ವಂಶದ ಕಾಯಿಲೆ, ನೀವೂ ಮಾಡಿಸಿಕೊಳ್ಳಿ" ಎಂದು ಹೇಳಿ ಕಳುಹಿಸಲಾಗಿತ್ತು. ಲಕ್ಷಣಗಳಿರುವ ವ್ಯಕ್ತಿಗೆ ಕಾರಣ ತಿಳಿಯಲು ಮಾಡುವ ಪರೀಕ್ಷೆ ಬೇರೆ, ಆರೋಗ್ಯವಾಗಿರುವ ವ್ಯಕ್ತಿಗೆ ಭವಿಷ್ಯ ತಿಳಿಯಲು ಮಾಡುವ ಪರೀಕ್ಷೆ ಬೇರೆ. ಪ್ರಯೋಗಾಲಯಕ್ಕೆ ಎರಡೂ ಒಂದೇ ರಕ್ತದ ನಳಿಕೆ. ಮನುಷ್ಯನಿಗೆ ಒಂದೇ ಅಲ್ಲ. ಒಬ್ಬರ ಫಲಿತಾಂಶ ಹೊರಬಂದ ಕ್ಷಣದಲ್ಲಿ ಅವರ ಮೂವರು ಮಕ್ಕಳು, ಒಬ್ಬ ಮೊಮ್ಮಗು, ತಮ್ಮ, ತಮ್ಮನ ಮಕ್ಕಳು, ಇಷ್ಟೂ ಜನರ ಬಾಳಿಗೆ ಒಂದು ಸಂಖ್ಯೆ ಅಂಟಿಕೊಂಡಿತು. ಅದಕ್ಕೆ ಯಾರೂ ಅವರನ್ನು ಸಿದ್ಧಗೊಳಿಸಿರಲಿಲ್ಲ.

ಪರೀಕ್ಷೆ ಯಾರಿಗಾಗಿ

ಲಕ್ಷಣಗಳಿಲ್ಲದವರನ್ನು ಪರೀಕ್ಷಿಸುವ ಮುನ್ನ ಅನುಸರಿಸಬೇಕಾದ ಕ್ರಮವನ್ನು ಕಾಯಿಲೆಯ ಕುಟುಂಬಗಳ ಸಂಘಟನೆಗಳೂ ನರರೋಗ ತಜ್ಞರೂ ಸೇರಿಯೇ ರೂಪಿಸಿದ್ದಾರೆ. ಸಮಾಲೋಚನೆ, ನರಗಳ ತಪಾಸಣೆ, ಮನಸ್ಸಿನ ಸ್ಥಿತಿಯ ಅವಲೋಕನ, ಯೋಚಿಸಲು ಬಿಡುವು, ಜೊತೆಗೊಬ್ಬ ಆಪ್ತ, ಫಲಿತಾಂಶವನ್ನು ಮುಖಾಮುಖಿಯಾಗಿಯೇ ತಿಳಿಸುವುದು, ಯಾವ ಹಂತದಲ್ಲಾದರೂ ಹಿಂದೆ ಸರಿಯುವ ಹಕ್ಕು. ಪರೀಕ್ಷೆ ಲಭ್ಯವಾಗುವ ಮೊದಲು ಸಮೀಕ್ಷೆಗಳಲ್ಲಿ ಬಹುಪಾಲು ಜನ ಮಾಡಿಸಿಕೊಳ್ಳುತ್ತೇವೆ ಎಂದಿದ್ದರು. ಲಭ್ಯವಾದ ಮೇಲೆ ಅಪಾಯದಲ್ಲಿರುವವರ ಒಂದು ಸಣ್ಣ ಪಾಲು ಮಾತ್ರ ಅದನ್ನು ಮಾಡಿಸಿಕೊಂಡಿದೆ. ಕಾಯಿಲೆಯನ್ನು ತಡೆಯುವ ಔಷಧವಿಲ್ಲದಿರುವಾಗ ತಿಳಿಯದೆ ಬಾಳುವುದೂ ಒಂದು ವಿವೇಕದ ಆಯ್ಕೆಯೇ ಆಗಿದೆ.

ಮೊದಲ ಎರಡು ಭೇಟಿಗಳಲ್ಲಿ ನಾನು ಈ ಕ್ರಮವನ್ನೇ ಅನುಸರಿಸಿದೆ. ಜೀನ್, ಸಂಭವ, ಫಲಿತಾಂಶದ ಬಗೆಗಳು, ಎಲ್ಲವನ್ನೂ ವಿವರಿಸಿದೆ. ಮಗ ತಲೆಯಾಡಿಸುತ್ತಿದ್ದ. ಮೂರನೆಯ ಭೇಟಿಯಲ್ಲಿ, ಫಲಿತಾಂಶ ಬಂದ ಮರುದಿನ ಬೆಳಿಗ್ಗೆ ಏನು ಮಾಡುತ್ತೀಯ ಎಂದು ಕೇಳಿದೆ. ಇಲ್ಲವೆಂದು ಬಂದರೆ ಚಿಕ್ಕಪ್ಪನ ಜೊತೆ ಹೋಗಿ ಕಾಗದಕ್ಕೆ ಸಹಿ ಹಾಕುತ್ತೇನೆ ಎಂದ. ಇದೆಯೆಂದು ಬಂದರೆ? ಅವನು ಬಹಳ ಹೊತ್ತು ಕೈಗಳನ್ನು ನೋಡಿಕೊಂಡ. "ಹಸುಗಳಿಗೆ ಮೇವು ಹಾಕಬೇಕಲ್ಲ" ಎಂದ. ಆಮೇಲೆ, "ಆದರೆ ಯಾರ ಕೊಟ್ಟಿಗೆ ಅಂತ ಹಾಕ್ಲಿ?"

ಆಗ ವಿಷಯ ಬಿಚ್ಚಿಕೊಂಡಿತು. ಚಿಕ್ಕಪ್ಪನ ಪ್ರಸ್ತಾಪ ಹೀಗಿತ್ತು: ಮಗನಿಗೆ ಕಾಯಿಲೆ ಇಲ್ಲವೆಂದಾದರೆ ಅಣ್ಣನ ಪಾಲಿನ ಹೊಣೆ ಅವನಿಗೆ, ಇದೆಯೆಂದಾದರೆ ಆ ಪಾಲನ್ನು ತಮ್ಮನ ಮಕ್ಕಳು ನೋಡಿಕೊಳ್ಳುವುದು, ಅಣ್ಣನ ಮನೆಯವರಿಗೆ ಜೀವನಾಂಶ ಕೊಡುವುದು. ಇದನ್ನು ದುರಾಸೆಯೆಂದು ನಾನು ಕರೆಯಲಾರೆ. ಬೆಳೆಸಾಲ ಇಬ್ಬರ ಹೆಸರಿನಲ್ಲೂ ಇತ್ತು, ಅಣ್ಣನ ಎರಡು ವರ್ಷದ ತಪ್ಪುಗಳಿಗೆ ತಮ್ಮ ಬೆಲೆ ತೆತ್ತಿದ್ದರು, ಹೊಲ ಯಾರನ್ನೂ ಕಾಯುವುದಿಲ್ಲ. ಬೇಸಾಯದ ಮನೆಯಲ್ಲಿ ಮನೆಯೂ ಕಸುಬೂ ಆಸ್ತಿಯೂ ಒಂದೇ. ಸಂಬಳದ ಕೆಲಸದಲ್ಲಿರುವ ಕುಟುಂಬಕ್ಕೆ ಹೀಗೆ ಬರುವ ಕಾಯಿಲೆ ಒಬ್ಬ ವ್ಯಕ್ತಿಯ ಭವಿಷ್ಯದ ಪ್ರಶ್ನೆಯಾದರೆ, ಇಲ್ಲಿ ಅದು ಬಿತ್ತನೆಗೆ ಮೊದಲೇ ಉತ್ತರ ಬೇಕಾದ ಪ್ರಶ್ನೆಯಾಗಿ ಬರುತ್ತದೆ.

ಆದರೆ ಆ ಪ್ರಸ್ತಾಪದೊಳಗೆ ಮೂರು ದೊಡ್ಡ ತಪ್ಪುಗಳಿದ್ದವು, ಮತ್ತು ಅವನ್ನು ಚಿಕ್ಕಪ್ಪನ ಎದುರೇ ಹೇಳಬೇಕಾಯಿತು. ಮೊದಲನೆಯದು, ಚಿಕ್ಕಪ್ಪನೂ ಅದೇ ತಂದೆಯ ಮಗ. ಅವರ ಸಂಭವವೂ ಹುಟ್ಟಿನಿಂದಲೇ ಅರ್ಧದಷ್ಟಿತ್ತು. 50ರವರೆಗೆ ಲಕ್ಷಣಗಳಿಲ್ಲದೆ ಬಂದಿರುವುದರಿಂದ ಅದು ಸ್ವಲ್ಪ ತಗ್ಗಿದೆ, ಅಳಿದಿಲ್ಲ. ಎರಡನೆಯದು, ಕಾಯಿಲೆ ಇರುವುದೆಂದು ತಿಳಿದ 28ರ ವ್ಯಕ್ತಿ ಮರುದಿನವೇ ರೋಗಿಯಾಗುವುದಿಲ್ಲ. ಅವನ ಮುಂದೆ ಹತ್ತೋ ಇಪ್ಪತ್ತೋ ಅದಕ್ಕಿಂತ ಹೆಚ್ಚೋ ವರ್ಷಗಳ ದುಡಿಮೆ ಇರಬಹುದು. ಮೂರನೆಯದು ಮನೆಯಲ್ಲಿ ಎಲ್ಲರೂ ನಂಬಿದ್ದ ಒಂದು ಲೆಕ್ಕ: ಅರ್ಧದಷ್ಟು ಎಂದರೆ ಅಣ್ಣತಮ್ಮಂದಿರಲ್ಲಿ ಒಬ್ಬರಿಗೆ, ಅಣ್ಣನಿಗೆ ಬಂದಿರುವುದರಿಂದ ತಮ್ಮ ಪಾರು. ಇದೇ ಲೆಕ್ಕದ ಪ್ರಕಾರ ಮಗನಿಗೆ ಬಂದರೆ ಹೆಣ್ಣುಮಕ್ಕಳು ಪಾರು. ನಾಣ್ಯವನ್ನು ಪ್ರತಿ ಮಗುವಿಗೂ ಹೊಸದಾಗಿ ಚಿಮ್ಮಲಾಗುತ್ತದೆ, ಹಿಂದಿನ ಚಿಮ್ಮುವಿಕೆ ಅದಕ್ಕೆ ನೆನಪಿರುವುದಿಲ್ಲ ಎಂದು ನಾನು ವಿವರಿಸುವಾಗ ಮಗ ತಟ್ಟನೆ ಎದ್ದು ನಿಂತ. ಅಕ್ಕತಂಗಿಯರನ್ನು ಉಳಿಸಲು ತಾನೇ ಅದನ್ನು ಹೊತ್ತುಕೊಳ್ಳಲಿ ಎಂದು ತಿಂಗಳುಗಳಿಂದ ಪ್ರಾರ್ಥಿಸುತ್ತಿದ್ದುದಾಗಿ ಆಮೇಲೆ ತಾಯಿಗೆ ಹೇಳಿದನಂತೆ.

ಚಿಕ್ಕಪ್ಪ ಆ ಸಭೆಯಿಂದ ಒಂದು ಮಾತೂ ಆಡದೆ ಹೊರಟುಹೋದರು. ಮುಂದಿನ ಐದು ತಿಂಗಳು ಬರಲಿಲ್ಲ. ನಾನು ಅದನ್ನು ಹೇಳಿದ ರೀತಿ ಸರಿಯಾಗಿತ್ತೇ ಎಂದು ಇಂದಿಗೂ ಯೋಚಿಸುತ್ತೇನೆ. ಸತ್ಯ ಹೇಳಲೇಬೇಕಿತ್ತು, ಆದರೆ ಅವರನ್ನು ಬೇರೆಯಾಗಿ ಕೂರಿಸಿ, ಅವರು ಎಷ್ಟು ಕೇಳಲು ಬಯಸುತ್ತಾರೆ ಎಂದು ಮೊದಲು ವಿಚಾರಿಸಬೇಕಿತ್ತು. ತಿಳಿಯದಿರುವ ಹಕ್ಕನ್ನು ಅಣ್ಣನ ಮಗನಿಗಾಗಿ ರಕ್ಷಿಸುವ ಭರದಲ್ಲಿ ನಾನು ತಮ್ಮನ ಅದೇ ಹಕ್ಕನ್ನು ಮರೆತಿದ್ದೆ.

ಎರಡು ಪ್ರಶ್ನೆಗಳನ್ನು ಬೇರ್ಪಡಿಸಿದ್ದು

ನಮ್ಮ ತಂಡದ ಸಮಾಜಕಾರ್ಯಕರ್ತೆ ಮುಂದಿಟ್ಟ ಸಲಹೆ ಈ ಪ್ರಕರಣದ ದಿಕ್ಕು ಬದಲಿಸಿತು: ಯಾರ ಫಲಿತಾಂಶವೂ ಗೊತ್ತಿಲ್ಲದೆಯೇ ನಿಲ್ಲಬಲ್ಲಂತಹ ಏರ್ಪಾಡನ್ನು ಹೊಲಕ್ಕೆ ಮಾಡಲು ಸಾಧ್ಯವೇ? ಯೋಚಿಸಿದರೆ, ಅದು ಯಾವುದೇ ಬೇಸಾಯದ ಮನೆಗೂ ಬೇಕಾದ ಏರ್ಪಾಡೇ. ಟ್ರ್ಯಾಕ್ಟರ್ ಮಗುಚುವುದಕ್ಕೆ, ಮರದಿಂದ ಬೀಳುವುದಕ್ಕೆ, ಹೃದಯಾಘಾತಕ್ಕೆ ಜೀನ್ ಪರೀಕ್ಷೆ ಇಲ್ಲ.

ಇಲ್ಲಿ ಅವಸರ ನಿಜವಾಗಿಯೂ ಇದ್ದದ್ದು ತಂದೆಯ ವಿಷಯದಲ್ಲಿ. ತಮ್ಮ ಇಚ್ಛೆಯನ್ನು ತಿಳಿದು ಹೇಳುವ, ಅದರ ಪರಿಣಾಮವನ್ನು ಗ್ರಹಿಸುವ ಶಕ್ತಿ ಅವರಲ್ಲಿ ಇನ್ನೂ ಇತ್ತು, ಮುಂದೆ ಇರುವುದಿಲ್ಲ ಎಂಬುದು ಖಚಿತವಾಗಿತ್ತು. ಮನೋವೈದ್ಯರು ಆ ಸಾಮರ್ಥ್ಯವನ್ನು ಪರೀಕ್ಷಿಸಿ ದಾಖಲಿಸಿದರು. ವಕೀಲರ ಮೂಲಕ ಅವರ ಪಾಲಿಗೆ ಉಯಿಲು, ವ್ಯವಹಾರ ನೋಡಿಕೊಳ್ಳಲು ಹೆಂಡತಿ ಮತ್ತು ಮಗನಿಗೆ ಜಂಟಿ ಅಧಿಕಾರ, ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಕು ಯಾವುದು ಬೇಡ ಎಂಬ ಲಿಖಿತ ಸೂಚನೆ ಸಿದ್ಧವಾದವು. ಅಣ್ಣತಮ್ಮಂದಿರ ನಡುವಿನ ಒಪ್ಪಂದದಲ್ಲಿ ಒಂದು ಸಾಲನ್ನು ಸೇರಿಸಲಾಯಿತು: ಪಾಲುದಾರರಲ್ಲಿ ಯಾರೇ ಯಾವುದೇ ಕಾರಣದಿಂದ ದುಡಿಯಲಾಗದ ಸ್ಥಿತಿಗೆ ಬಂದರೆ ಆ ಪಾಲನ್ನು ಹೇಗೆ ನಿಭಾಯಿಸಬೇಕು ಎಂಬುದು. ಕಾಯಿಲೆಯ ಹೆಸರು ಅದರಲ್ಲಿ ಇಲ್ಲ. ಮಗ ದುಡಿದ ವರ್ಷಗಳಿಗೆ ಅವನ ಹೆಸರಿನಲ್ಲಿ ಪ್ರತ್ಯೇಕ ಹಣ ಜಮೆಯಾಗುವಂತೆಯೂ ಬರೆಯಲಾಯಿತು, ಹೀಗಾಗಿ ಮುಂದೆ ಏನೇ ಆದರೂ ಅವನ ಬೆವರು ಲೆಕ್ಕಕ್ಕೆ ಸಿಗುತ್ತದೆ. ಈ ಸಾಲು ಬರೆಸುವಾಗ ತಂದೆ ತೊದಲುತ್ತಲೇ ಎರಡು ಸಲ ಓದಿಸಿಕೊಂಡರು. ಚಿಕ್ಕಪ್ಪ ಸಹಿ ಹಾಕಲು ಬಂದರು. 'ಯಾವುದೇ ಕಾರಣದಿಂದ' ಎಂಬ ಪದಗಳ ಮೇಲೆ ಬೆರಳಿಟ್ಟು, ಇದು ತನಗೂ ಅನ್ವಯಿಸುತ್ತದಲ್ಲವೇ ಎಂದು ಮಾತ್ರ ಕೇಳಿದರು.

ಕಾಗದವಾದ ವಾರದಲ್ಲಿ ಮಗ ಪರೀಕ್ಷೆಯ ಕೋರಿಕೆಯನ್ನು ಹಿಂತೆಗೆದುಕೊಂಡ.

ತಂದೆಯ ದಿನಚರಿ

ಈ ಭಾಗವನ್ನು ದೀರ್ಘವಾಗಿ ಬರೆಯಲು ಕಾರಣವಿದೆ. ಪರೀಕ್ಷೆಯ ಚರ್ಚೆಯ ಗದ್ದಲದಲ್ಲಿ ಈಗಾಗಲೇ ಕಾಯಿಲೆ ಇರುವ ಮನುಷ್ಯ ಮರೆಗೆ ಸರಿಯುತ್ತಾನೆ, ಈ ಮನೆಯಲ್ಲೂ ಸರಿದಿದ್ದರು.

ಮೊದಲು ಯಂತ್ರಗಳು. ಟ್ರ್ಯಾಕ್ಟರ್ ಕೀಲಿ ಕೊಡಲು ಅವರು ಒಪ್ಪಲಿಲ್ಲ, ತನಗೇನೂ ಆಗಿಲ್ಲ ಎಂದೇ ಅವರ ವಾದ. ಹೆಂಡತಿ ಮಕ್ಕಳು ಕಸಿದುಕೊಂಡರೆ ಅದು ಮನೆಯ ಯುದ್ಧವಾಗುತ್ತದೆ ಎಂದು ತಿಳಿದು ಆ ನಿರ್ಧಾರವನ್ನು ನಾವು ಮನೆಯಿಂದ ಹೊರಗೆ ತಂದೆವು. ಔದ್ಯೋಗಿಕ ಚಿಕಿತ್ಸಕರು ಹೊಲಕ್ಕೇ ಹೋಗಿ ಅವರ ಜೊತೆ ಅರ್ಧ ದಿನ ಕಳೆದು, ವರದಿ ಬರೆದು, ಅದನ್ನು ವೈದ್ಯರೇ ಅವರಿಗೆ ಓದಿ ಹೇಳಿದರು. ಸಿಟ್ಟು ವೈದ್ಯರ ಮೇಲೆ ತಿರುಗಿತು, ಮನೆ ಉಳಿಯಿತು. ಕೀಲಿಗೆ ಬದಲಾಗಿ ಅವರಿಗೆ ಕೆಲಸ ಬೇಕಿತ್ತು. ಒಂದಾದ ಮೇಲೊಂದರಂತೆ ಒಂದೇ ಕ್ರಮದಲ್ಲಿ, ದಿನವೂ ಅದೇ ಹೊತ್ತಿಗೆ ಮಾಡುವ ಕೆಲಸಗಳು: ಕೊಟ್ಟಿಗೆ ಗುಡಿಸುವುದು, ಮೇವು ಹಾಕುವುದು, ಕರುಗಳಿಗೆ ನೀರು ತೋರಿಸುವುದು, ಬೇಲಿಯ ಸುತ್ತ ನಡೆದು ಬರುವುದು. ಎರಡು ಕೆಲಸ ಒಟ್ಟಿಗೆ ಹೇಳಬಾರದು, ಉತ್ತರಕ್ಕೆ ಕಾಯಬೇಕು, ದಿನಚರಿ ತಪ್ಪಿಸಬಾರದು ಎಂದು ಮನೆಯವರು ಕಲಿತರು. ಸಿಡುಕಿನ ಅರ್ಧ ಭಾಗ ಇದರಿಂದಲೇ ಇಳಿಯಿತೆಂದು ಹೆಂಡತಿಯ ಅಂದಾಜು. ನಗರದ ಸಣ್ಣ ಕೋಣೆಯಲ್ಲಿ ಈ ಕಾಯಿಲೆಯೊಂದಿಗೆ ಕೂತಿರುವವರನ್ನು ಕಂಡಿರುವ ನನಗೆ, ವಿಶಾಲವಾದ ಅಂಗಳ, ತಿರುಗಾಡುವ ಸ್ವಾತಂತ್ರ್ಯ, ಪ್ರತಿದಿನ ಅದೇ ಹೊತ್ತಿಗೆ ಕೂಗುವ ಜಾನುವಾರು ಇವು ಯಾವ ಆಸ್ಪತ್ರೆಯೂ ಕೊಡಲಾಗದ ಸೌಲಭ್ಯಗಳೆನಿಸಿದವು.

ಔಷಧಗಳ ಆಯ್ಕೆಯಲ್ಲೂ ಅವರ ಬದುಕನ್ನು ನೋಡಬೇಕಾಯಿತು. ಕೊರಿಯಾಕ್ಕೆ ಕೊಡುವ ಟೆಟ್ರಾಬೆನಜಿನ್ ಚಲನೆಗಳನ್ನು ತಗ್ಗಿಸುತ್ತದೆ, ಆದರೆ ಖಿನ್ನತೆಯನ್ನು ಹೆಚ್ಚಿಸಬಹುದು, ಮತ್ತು ಇವರಲ್ಲಿ ಖಿನ್ನತೆ ಆಗಲೇ ಇತ್ತು. ಮನೋವೈದ್ಯರು ಒಲಾಂಜಪಿನ್ ಆರಿಸಿದರು. ಬೇರೆಯವರಲ್ಲಿ ತೊಡಕಾಗುವ ಅದರ ತೂಕ ಹೆಚ್ಚಿಸುವ ಗುಣ ಇಲ್ಲಿ ಅನುಕೂಲವಾಯಿತು, ಏಕೆಂದರೆ ಈ ಕಾಯಿಲೆಯಲ್ಲಿ ದೇಹ ಸಾಕಷ್ಟು ಉಂಡರೂ ಕರಗುತ್ತದೆ. ನಿದ್ದೆ ಬಂತು, ಸಿಟ್ಟು ಇಳಿಯಿತು. ನುಂಗುವಾಗ ಆಹಾರ ಶ್ವಾಸನಾಳಕ್ಕೆ ಹೋಗಿ ನ್ಯುಮೋನಿಯಾ ಆಗುವುದು ಈ ಕಾಯಿಲೆಯಲ್ಲಿ ಸಾವಿನ ಪ್ರಮುಖ ಕಾರಣ. ಆದ್ದರಿಂದ ನೆಟ್ಟಗೆ ಕೂತು, ಮಾತಿಲ್ಲದೆ, ಸಣ್ಣ ತುತ್ತುಗಳಲ್ಲಿ ಉಣ್ಣುವ ರೂಢಿಯನ್ನು ಆರಂಭದಲ್ಲೇ ಮಾಡಿಸಿದೆವು.

ಇನ್ನೊಂದು ಸಂಗತಿಯನ್ನು ಸ್ಪಷ್ಟವಾಗಿ ಬರೆಯಬೇಕು. ಈ ಕಾಯಿಲೆಯಿರುವವರಲ್ಲಿ ಆತ್ಮಹತ್ಯೆಯ ಅಪಾಯ ಸಾಮಾನ್ಯಕ್ಕಿಂತ ಹೆಚ್ಚು. ರೋಗನಿರ್ಣಯದ ಆಸುಪಾಸಿನಲ್ಲಿ ಮತ್ತು ಸ್ವತಂತ್ರವಾಗಿ ಬದುಕುವ ಶಕ್ತಿ ಕೈಜಾರತೊಡಗಿದಾಗ ಅದು ಇನ್ನೂ ಹೆಚ್ಚು. ಬೇಸಾಯದ ಮನೆಯಲ್ಲಿ ಕೀಟನಾಶಕಗಳು ಕೈಗೆಟುಕುವಂತಿರುತ್ತವೆ. ಸಾಯುವ ಯೋಚನೆ ಬರುತ್ತದೆಯೇ ಎಂದು ತಂದೆಯನ್ನೂ ಮಗನನ್ನೂ ಬೇರೆಬೇರೆಯಾಗಿ, ಸುತ್ತಿಬಳಸದೆ ಕೇಳಿದೆವು. ಹಾಗೆ ಕೇಳುವುದರಿಂದ ಯೋಚನೆ ಹುಟ್ಟುವುದಿಲ್ಲ, ಹುಟ್ಟಿದ್ದರೆ ಹೊರಬರುತ್ತದೆ. ಇಬ್ಬರಲ್ಲಿ ಒಬ್ಬರು ಹೌದು ಎಂದರು. ಅಂದೇ ಮನೋವೈದ್ಯರ ಭೇಟಿಯಾಯಿತು, ಅದೇ ವಾರ ಕೀಟನಾಶಕಗಳೆಲ್ಲವೂ ಬೀಗ ಹಾಕುವ ಕಬ್ಬಿಣದ ಪೆಟ್ಟಿಗೆಗೆ ಹೋದವು, ಬೀಗದ ಕೈ ತಾಯಿಯ ಬಳಿ. ಸಿಂಪಡಣೆಯ ದಿನ ಬೇಕಾದಷ್ಟನ್ನು ಮಾತ್ರ ಅವರೇ ತೆಗೆದುಕೊಡುತ್ತಾರೆ.

ಹೆಣ್ಣುಮಕ್ಕಳು

ಪರೀಕ್ಷೆ ಮಾಡಿಸಿಕೊಂಡದ್ದು ಕೊನೆಗೆ ಯಾರೂ ನಿರೀಕ್ಷಿಸದಿದ್ದ ಹಿರಿಯ ಮಗಳು. ಆಸ್ತಿಯ ಮಾತಿನಲ್ಲಿ ಅವಳನ್ನು ಯಾರೂ ಕೇಳಿರಲಿಲ್ಲ, ಕಾಯಿಲೆಯ ಮಾತಿನಲ್ಲೂ ಕೇಳಿರಲಿಲ್ಲ. ಎರಡನೆಯ ಮಗುವಿನ ಯೋಚನೆಯಲ್ಲಿದ್ದ ಅವಳು ಒಬ್ಬಳೇ ಬಂದಳು. ತನ್ನ ಫಲಿತಾಂಶ ತಿಳಿಯದೆಯೇ ಕಾಯಿಲೆಯಿಲ್ಲದ ಮಗುವನ್ನು ಪಡೆಯುವ ದಾರಿಗಳನ್ನೂ ಅವಳಿಗೆ ವಿವರಿಸಿದೆವು: ಪ್ರನಾಳ ಗರ್ಭಧಾರಣೆಯಲ್ಲಿ ಭ್ರೂಣಗಳನ್ನು ಪರೀಕ್ಷಿಸಿ, ತಾಯಿಗೆ ಏನೂ ತಿಳಿಸದೆ, ದೋಷವಿಲ್ಲದ ಭ್ರೂಣವನ್ನಷ್ಟೇ ಇರಿಸುವ ವಿಧಾನವಿದೆ. ನಾಲ್ಕು ತಿಂಗಳು ಯೋಚಿಸಿ, ಗಂಡನೊಂದಿಗೆ ಮತ್ತೆ ಬಂದು, ತನಗೆ ತಿಳಿಯಬೇಕು ಎಂದಳು. ಬೇಕಂತೆ ಎನ್ನಲಿಲ್ಲ, ಬೇಕು ಎಂದಳು.

ಅವಳ ಎರಡು ಪ್ರತಿಗಳಲ್ಲಿ ಎಣಿಕೆ 17 ಮತ್ತು 19. ಅವಳಿಗೂ ಅವಳ ಮಗುವಿಗೂ ಈ ಕಾಯಿಲೆ ಇಲ್ಲ, ಎಳೆ ಅಲ್ಲಿಗೆ ಕಡಿಯಿತು. ಗಂಡ ಅತ್ತರು. ಅವಳು ಅಳಲಿಲ್ಲ. ಮೂರು ವಾರ ತವರಿಗೆ ಫೋನ್ ಮಾಡಲಿಲ್ಲ. ಒಳ್ಳೆಯ ಫಲಿತಾಂಶ ಬಂದವರನ್ನು ಒಮ್ಮೊಮ್ಮೆ ಅಪರಾಧಿ ಭಾವ ಹೀಗೆ ಹಿಡಿಯುತ್ತದೆ, ಆದ್ದರಿಂದ ಅವರಿಗೂ ಮುಂದಿನ ಭೇಟಿಗಳು ಬೇಕು. ಮೂರನೆಯ ಭೇಟಿಯಲ್ಲಿ ಅವಳು ಹೇಳಿದ ಮಾತು: "ತಮ್ಮನ ಪಾಲಿನದನ್ನು ನಾನು ಕಿತ್ತುಕೊಂಡ ಹಾಗಿದೆ." ನಾಣ್ಯದ ಲೆಕ್ಕ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿರುವುದು ಸಾಕಾಗಿರಲಿಲ್ಲ. ತಮ್ಮನಿಗೆ ಅವಳು ತಾನೇ ಹೇಳಿದಳು, ಕೊಟ್ಟಿಗೆಯಲ್ಲಿ, ಮೇವು ಹಾಕುತ್ತಿರುವಾಗ. ಅವನು ಬುಟ್ಟಿ ಕೆಳಗಿಟ್ಟು ಅವಳ ತಲೆಯ ಮೇಲೆ ಕೈಯಿಟ್ಟನಂತೆ.

ಕಿರಿಯ ಮಗಳ ವಿಷಯದಲ್ಲಿ ನಮಗೆ ಹೆಚ್ಚಿನ ಆತಂಕವಿತ್ತು. ಅವಳದು ಅಪ್ಪನದೇ ಮುಖ, ಅಪ್ಪನದೇ ಸಿಟ್ಟು. ಲೋಟ ಕೈಜಾರಿದರೂ ಮನೆಯವರೆಲ್ಲರ ಕಣ್ಣು ಅವಳತ್ತ ತಿರುಗುತ್ತಿತ್ತು. ಹೋಲಿಕೆಗೂ ಈ ಜೀನಿಗೂ ಯಾವ ಸಂಬಂಧವೂ ಇಲ್ಲ. ಆದರೂ ಕಾಯಿಲೆ ಯಾರಿಗೆ ಎಂದು ಕುಟುಂಬಗಳು ಒಳಗೊಳಗೇ ಮೊದಲೇ ನಿರ್ಧರಿಸಿಬಿಡುವುದನ್ನು ನಾವು ಮತ್ತೆ ಮತ್ತೆ ಕಾಣುತ್ತೇವೆ. ಅವಳನ್ನೂ ಪರೀಕ್ಷಿಸಿಬಿಡಿ ಎಂದು ತಾಯಿ ಕೇಳಿದಾಗ ನಾವು ನಿರಾಕರಿಸಿದೆವು. ಲಕ್ಷಣಗಳಿಲ್ಲದ ಅಪ್ರಾಪ್ತರನ್ನು ಈ ಕಾಯಿಲೆಗೆ ಪರೀಕ್ಷಿಸುವುದಿಲ್ಲ, ಆ ನಿರ್ಧಾರ ಮುಂದೆ ಅವಳದೇ. ಅವಳ ಬಳಿ ಒಂದು ಇಡೀ ಮಧ್ಯಾಹ್ನ ಮಾತನಾಡಿದೆವು. ಅವಳಿಗೆ ಎಲ್ಲವೂ ಗೊತ್ತಿತ್ತು, ಯಾರೂ ಹೇಳಿರಲಿಲ್ಲ ಅಷ್ಟೆ. ಅವಳು ಕೇಳಿದ್ದು ಒಂದೇ: ತಾನು ಲೋಟ ಬೀಳಿಸಿದಾಗ ಎಲ್ಲರೂ ನೋಡುವುದನ್ನು ನಿಲ್ಲಿಸಬಹುದೇ ಎಂದು. ಆ ಮಾತನ್ನು ಅವಳ ಒಪ್ಪಿಗೆಯಿಂದ ಮನೆಯವರಿಗೆ ತಲುಪಿಸಿದೆವು.

ಈಗಿನ ಸ್ಥಿತಿ

ಮೊದಲ ಭೇಟಿಯಾಗಿ ಮೂರೂವರೆ ವರ್ಷಗಳಾಗಿವೆ. ತಂದೆಯ ನಡಿಗೆ ಇನ್ನಷ್ಟು ವಾಲಿದೆ, ಮಾತು ಮನೆಯವರಿಗಷ್ಟೇ ತಿಳಿಯುತ್ತದೆ, ಬೇಲಿಯ ಸುತ್ತಿನ ನಡಿಗೆಗೆ ಈಗ ಜೊತೆಗೊಬ್ಬರು ಬೇಕು. ಹಾಲು ಕರೆಯುವುದಿಲ್ಲ, ಮೇವು ಹಾಕುತ್ತಾರೆ. ಕಾಯಿಲೆಯ ಮೂಲಕ್ಕೇ ಕೈಹಾಕಿ, ಹಂಟಿಂಗ್ಟಿನ್ ಪ್ರೋಟೀನನ್ನು ತಗ್ಗಿಸುವ ಪ್ರಯೋಗಗಳ ಸುದ್ದಿ ಬಂದಾಗಲೆಲ್ಲ ಹಿರಿಯ ಮಗಳು ನನಗೆ ಕಳುಹಿಸುತ್ತಾಳೆ. ಟೊಮಿನೆರ್ಸೆನ್ ಎಂಬ ಔಷಧದ ದೊಡ್ಡ ಪ್ರಯೋಗದಲ್ಲಿ 2021ರ ಮಾರ್ಚ್‌ನಲ್ಲಿ ಔಷಧ ಕೊಡುವುದನ್ನು ನಿಲ್ಲಿಸಬೇಕಾಯಿತೆಂದೂ, ಹುಡುಕಾಟ ನಿಂತಿಲ್ಲವೆಂದೂ ಅವಳಿಗೆ ಹೇಳಿದ್ದೇನೆ. ಆಸೆಯನ್ನು ಹೆಚ್ಚಿಸಿಯೂ ಹೇಳಬಾರದು, ಕಡಿಮೆ ಮಾಡಿಯೂ ಹೇಳಬಾರದು.

ಚಿಕ್ಕಪ್ಪ ಪರೀಕ್ಷೆ ಮಾಡಿಸಿಕೊಂಡಿಲ್ಲ, ಆ ಮಾತನ್ನು ನಾವೂ ಎತ್ತುವುದಿಲ್ಲ. ವರ್ಷಕ್ಕೊಮ್ಮೆ ಅಣ್ಣನನ್ನು ಕರೆತರುವುದು ಮಾತ್ರ ಅವರೇ. ಕಿರಿಯ ಮಗಳಿಗೆ 18 ತುಂಬಿದ ತಿಂಗಳು ಒಂದು ಭೇಟಿಯ ಸಮಯ ಗೊತ್ತು ಮಾಡಿಕೊಂಡು, ಆ ದಿನ ಬರಲಿಲ್ಲ. ಬಾಗಿಲು ತೆರೆದಿದೆಯೆಂದು ತಿಳಿಸಿದ್ದೇವೆ.

ಮಗನ ಕಡತದಲ್ಲಿ ರಕ್ತದ ಮಾದರಿಯ ಪುಟ ಖಾಲಿಯೇ ಇದೆ. ಅವನಿಗೆ ಈಗ ಮದುವೆ ಗೊತ್ತಾಗಿದೆ. ಆ ಹುಡುಗಿಗೂ ಅವಳ ಮನೆಯವರಿಗೂ ಎಲ್ಲವನ್ನೂ ಮೊದಲೇ ಹೇಳಿದ್ದಾನೆ, ಮತ್ತು ಇಬ್ಬರೂ ಕೂಡಿ ನಮ್ಮಲ್ಲಿಗೆ ಬಂದಿದ್ದರು. ಪರೀಕ್ಷೆಯ ಬಗ್ಗೆ ಈಗ ಏನೆನ್ನಿಸುತ್ತದೆ ಎಂದು ಕೇಳಿದೆ. ಅವನು ಅವಳ ಕಡೆ ನೋಡಲಿಲ್ಲ, ಬಾಗಿಲ ಕಡೆಯೂ ನೋಡಲಿಲ್ಲ. "ನನಗೆ ಈಗ ಬೇಡ" ಎಂದ. ಅದನ್ನೂ ಕಡತದಲ್ಲಿ ಇದ್ದಂತೆಯೇ ಬರೆದಿಟ್ಟುಕೊಂಡಿದ್ದೇನೆ.